ನಡೆಯುವುದು ಅಕ್ಕ, ಹೊಡೆಯುವುದು ಭಾವ

ನಮ್ಮ ಭಾವ ಸೋಫಾ ರಿಪೇರಿ ಮಾಡುವವರು. ಹಳೆಯ ಸೋಫಾ, ಕುರ್ಚಿ, ವ್ಯಾನಿನ ಸೀಟು, ಏನೇ ತಂದುಕೊಟ್ಟರೂ ಮೇಲಿನ ಬಟ್ಟೆ ಬಿಚ್ಚಿ, ಸ್ಪ್ರಿಂಗು ಬದಲಿಸಿ, ಹೊಸ ಫೋಮು ತುಂಬಿ, ರೆಕ್ಸಿನ್ ಎಳೆದು ಮೊಳೆ ಹೊಡೆದು ಕೊಡುತ್ತಾರೆ. ಕೆಲಸ ಮಾಡುವಾಗ ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲೇ ಒಂದೊಂದನ್ನು ತುಟಿಯ ತುದಿಗೆ ತಂದು ತೆಗೆಯುವುದು ಅವರ ರೂಢಿ. ಅಕ್ಕನ ಮದುವೆಯಾದ ಹೊಸದರಲ್ಲಿ ನಾನು ಅವರಿಗೆ ಮಾತೇ ಬರುವುದಿಲ್ಲವೇನೋ ಎಂದುಕೊಂಡಿದ್ದೆ. ದಿನವಿಡೀ ಬಾಯಲ್ಲಿ ಮೊಳೆ ತುಂಬಿಕೊಂಡವರು ಮಾತು ಕಲಿಯುವುದಾದರೂ ಯಾವಾಗ?

ಅಕ್ಕನದು ಅದಕ್ಕೆ ತದ್ವಿರುದ್ಧ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದೇ ಅವಳ ನೌಕರಿ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರೆ ಅವಳಿಗೆ ತೃಪ್ತಿಯಿಲ್ಲ. ಯಾವ ಕಡೆಯ ಸೀಟಿಗೆ ಬಿಸಿಲು ಹೊಡೆಯುತ್ತದೆ, ಇಳಿದ ಮೇಲೆ ಎಡಕ್ಕೆ ತಿರುಗಬೇಕೋ ಬಲಕ್ಕೋ, ದಾರಿಯಲ್ಲಿ ಬಸ್ಸು ಎಲ್ಲಿ ನಿಂತರೆ ಶೌಚಾಲಯ ಚೆನ್ನಾಗಿದೆ, ಎಲ್ಲವನ್ನೂ ಹೇಳಿ ಕಳಿಸುತ್ತಾಳೆ. ಕಿಟಕಿಯ ಮುಂದಿನ ಸಾಲು ಹನುಮಂತನ ಬಾಲವಾಗುತ್ತದೆ. ಮೇಲಧಿಕಾರಿಗಳು ಎರಡು ಮೂರು ಸಲ ಎಚ್ಚರಿಸಿ ಕೊನೆಗೆ ಸುಮ್ಮನಾದರು.

ಇಂಥ ಇಬ್ಬರು, ಅದೂ ತಲೆ ನೆರೆತ ಮೇಲೆ, ಒಟ್ಟಿಗೆ ಕೂತು ವಿಡಿಯೋ ಗೇಮ್ ಆಡುತ್ತಾರೆ ಎಂದರೆ ಯಾರಾದರೂ ನಗುತ್ತಾರೆ. ನಾನೂ ನಕ್ಕವಳೇ. ಊರು ಬಿಟ್ಟು ಹೋಗುತ್ತಿದ್ದ ಗಿರಾಕಿಯೊಬ್ಬರು ಸೋಫಾ ನೀವೇ ಇಟ್ಟುಕೊಳ್ಳಿ ಎಂದು ಬಿಟ್ಟುಹೋದಾಗ ಅದರ ಜೊತೆ ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆಯನ್ನೂ ಒಂದು ಡಿಸ್ಕನ್ನೂ ಬಿಟ್ಟಿದ್ದರು. ಅಕ್ಕ ಭಾವನಿಗೆ ಆಗ ಮದುವೆಯಾಗಿ ಸ್ವಲ್ಪ ಕಾಲವಷ್ಟೇ. ಮಕ್ಕಳಾಗಲಿಲ್ಲ, ಆಟ ಬೆಳೆಯಿತು. ಆ ಸರಣಿಯಲ್ಲಿ ಹೊಸ ಭಾಗ ಬಂದಾಗಲೆಲ್ಲ ಇವರ ಮನೆಗೂ ಬಂತು. ಪೆಟ್ಟಿಗೆ ಹಳೆಯದಾದರೆ ಹೊಸ ಪೆಟ್ಟಿಗೆಯೂ ಬಂತು.

ಕಥೆ ಹೀಗೆ. ನೀರಿನಲ್ಲಿ ಮುಳುಗಿದ ಹಳೆಯ ಪಟ್ಟಣಗಳ ನಡುವೆ ಒಬ್ಬ ಹುಡುಗಿ ಕಾಣೆಯಾದ ತನ್ನ ಅಮ್ಮನನ್ನು ಹುಡುಕುತ್ತಾಳೆ. ಮೊದಲ ಭಾಗದಲ್ಲಿ ಸಿಗಲಿಲ್ಲ. ಎರಡರಲ್ಲಿ ಸಿಕ್ಕಳು ಎನ್ನುವಷ್ಟರಲ್ಲಿ ಅದು ಚಿಕ್ಕಮ್ಮ ಎಂದಾಯಿತು. ಮೂರು, ನಾಲ್ಕು, ಐದು ಹೀಗೇ ಕಳೆದವು. ಹುಡುಗಿಯ ಕಿವಿಯ ಪಕ್ಕ ಈಗ ಬಿಳಿಕೂದಲು ಬಂದಿದೆ, ಅಕ್ಕ ಭಾವನ ಬಾಯಲ್ಲಿ ಅವಳು ಇನ್ನೂ ಹುಡುಗಿಯೇ. ಅಮ್ಮನನ್ನು ಬಚ್ಚಿಟ್ಟುಕೊಂಡು ಇಷ್ಟು ವರ್ಷ ಡಿಸ್ಕು ಮಾರುವವರ ಜಾಣತನ ನೋಡು ಎಂದು ನಾನು ಒಮ್ಮೆ ಅಂದಿದ್ದಕ್ಕೆ ಅಕ್ಕ ಎರಡು ವಾರ ಫೋನ್ ಮಾಡಲಿಲ್ಲ.

ಆಡುವ ಕ್ರಮವೂ ವಿಚಿತ್ರ. ಗುಂಡಿ ಒತ್ತಿ ಆಡಿಸುವ ಕಂಟ್ರೋಲರ್ ಒಂದೇ, ಆಡುವವರು ಇಬ್ಬರು. ನಡೆಯುವುದು ಅಕ್ಕ, ಹೊಡೆಯುವುದು ಭಾವ. ಓಣಿ ಓಣಿ ಸುತ್ತುವುದು, ಗೋಡೆ ಹತ್ತುವುದು, ಕಂಡ ಪೆಟ್ಟಿಗೆಯನ್ನೆಲ್ಲ ತೆಗೆದು ನೋಡುವುದು, ದಾರಿಯಲ್ಲಿ ಸಿಕ್ಕ ಮುದುಕಿಯರನ್ನೆಲ್ಲ ಮಾತಾಡಿಸುವುದು ಅಕ್ಕನ ಪಾಲು. ಶತ್ರುಗಳು ಬರುವ ಮುಂಚೆ ಆಟದಲ್ಲಿ ನಗಾರಿ ಬಡಿಯಲು ಶುರುವಾಗುತ್ತದೆ. ಅದು ಕೇಳಿಸಿದ್ದೇ ತಡ, ಅಕ್ಕ ಟೀವಿಯಿಂದ ಕಣ್ಣು ತೆಗೆಯದೆ ಕಂಟ್ರೋಲರನ್ನು ಎಡಕ್ಕೆ ಚಾಚುತ್ತಾಳೆ, ಭಾವ ನೋಡದೆಯೇ ತೆಗೆದುಕೊಳ್ಳುತ್ತಾರೆ. ನಗಾರಿ ನಿಂತರೆ ಮತ್ತೆ ಬಲಕ್ಕೆ. ಅಕ್ಕನಿಗೆ ಟೀವಿಯೊಳಗಿನ ಕಾವಲುಗಾರನನ್ನೂ ಹೊಡೆಯಲು ಕೈ ಬರುವುದಿಲ್ಲ, ಅವನಿಗೂ ಮನೆಮಠ ಇರುತ್ತದೆ ಎನ್ನುತ್ತಾಳೆ. ಭಾವನಿಗೋ, ಆಟದಲ್ಲಾಗಲಿ ಊರಲ್ಲಾಗಲಿ ಒಂದು ತಿರುವು ದಾಟಿದರೆ ದಿಕ್ಕು ತಪ್ಪುತ್ತದೆ. ಗಂಡ ಹೆಂಡತಿ ಎಂದರೆ ಎತ್ತು ಏರಿಗೆ, ಕೋಣ ನೀರಿಗೆ ಎನ್ನುತ್ತಾರಲ್ಲ, ಈ ಮನೆಯಲ್ಲಿ ಎತ್ತೂ ಕೋಣವೂ ಸರದಿಯಲ್ಲಿ ಎಳೆಯುತ್ತಿದ್ದವು. ಹೊಡೆದಾಟದಲ್ಲಿ ಭಾವನ ಬೆರಳು ನೋಡಬೇಕಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹುಡುಗಿಯನ್ನು ಹತ್ತು ಕತ್ತಿಗಳ ನಡುವಿಂದ ಈಚೆಗೆ ತರುತ್ತಿದ್ದರು.

ಐದನೆಯ ಭಾಗ ಮುಗಿದು ಆರನೆಯದು ಬರುವುದರೊಳಗೆ ಭಾವನ ಬಲಗೈ ನಡುಗಲು ಹಿಡಿಯಿತು. ಮೊದಮೊದಲು ಟೀ ಲೋಟ ತಟ್ಟೆಗೆ ತಾಗಿ ಸದ್ದಾಗುತ್ತಿತ್ತು. ಆಮೇಲೆ ಮೊಳೆ ತುಟಿಯಿಂದ ಕೈಗೆ ಬರುವಷ್ಟರಲ್ಲಿ ನೆಲಕ್ಕೆ ಬೀಳತೊಡಗಿತು. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಇದು ವಾಸಿಯಾಗುವ ಕಾಯಿಲೆಯಲ್ಲ, ಮಾತ್ರೆಯಿಂದ ನಿಧಾನ ಮಾಡಬಹುದು, ಎಡಗೈಗೂ ಬರಬಹುದು ಎಂದು ಸುತ್ತಿ ಬಳಸದೆ ಹೇಳಿದರು. ಕೈಗೆ ಕೆಲಸ ಕೊಡುತ್ತಿರಿ, ಸುಮ್ಮನೆ ಮಾತ್ರ ಇಡಬೇಡಿ ಎಂದೂ ಹೇಳಿದರು.

ಬೇಡ ಎಂದದ್ದನ್ನೇ ಭಾವ ಮಾಡಿದರು. ಅಂಗಡಿ ಮನೆಯ ಕೆಳಗೇ ಇದೆ, ಮೆಟ್ಟಿಲ ತುಂಬ ಅಂಟಿನ ವಾಸನೆ. ಆ ವಾಸನೆ ಕಡಿಮೆಯಾಯಿತು. ಷಟರು ಅರ್ಧ ಇಳಿಯಿತು, ಆಮೇಲೆ ಪೂರ್ತಿ ಇಳಿಯಿತು. ಭಾವ ಮೇಲೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು ಕೂರತೊಡಗಿದರು. ಕೈಯನ್ನು ಹಾಗೆ ಕೂಡಿಹಾಕಿದರೆ ನಡುಗುವುದು ಕಾಣುವುದಿಲ್ಲ. ಅಂಗಿಯ ಗುಂಡಿ ಅಕ್ಕ ಹಾಕಬೇಕು, ಅನ್ನ ಎಡಗೈಯಲ್ಲಿ ಚಮಚ ಹಿಡಿದು ಉಣ್ಣಬೇಕು. ನಾನು ವಾರದ ರಜೆಯ ದಿನ ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದೆ. ಒಂದು ದಿನ ಅಕ್ಕ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು, ಆರನೆಯ ಭಾಗ ಬರುತ್ತಿದೆ, ಅದನ್ನಾದರೂ ಆಡಲಿ ಎಂದು ಕಾಯುತ್ತಿದ್ದೇನೆ ಎಂದಳು.

"ಇದನ್ನೂ ಬಿಟ್ರೆ ಎಲ್ಲಾ ಬಿಟ್ಟ ಹಾಗೇನೇ. ಆಮೇಲೆ ನಾನು ಎಷ್ಟು ಎಳೆದ್ರೂ ಆ ಕುರ್ಚಿಯಿಂದ ಏಳಲ್ಲ ಅವರು."

ಒಬ್ಬ ಗಂಡಸಿನ ಬದುಕು ಒಂದು ಆಟದ ಮೇಲೆ ನಿಂತಿದೆಯೇ ಎಂದು ಕೇಳಬೇಕೆನಿಸಿತು.

ಡಿಸ್ಕು ಬಂದ ದಿನ ನಾನೂ ಇದ್ದೆ. ಭಾವ ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದರು, ಈಗೀಗ ಅದಕ್ಕೆ ಬಹಳ ಹೊತ್ತು ಬೇಕು. ಆಟ ಶುರುವಾಗುವ ಮುಂಚೆ ಎಷ್ಟು ಕಷ್ಟದ ಆಟ ಬೇಕು ಎಂದು ಕೇಳುತ್ತದೆ. ಬರೇ ಕಥೆ, ಸಾಧಾರಣ, ಕಷ್ಟ, ಅತಿಕಷ್ಟ ಎಂದು ನಾಲ್ಕು ಸಾಲು. ಐದು ಭಾಗಗಳನ್ನೂ ಭಾವ ಕಷ್ಟದಲ್ಲೇ ಆಡಿದವರು. ಅಕ್ಕ ಒಮ್ಮೆ ಬಚ್ಚಲ ಬಾಗಿಲ ಕಡೆ ನೋಡಿದಳು, ಒಮ್ಮೆ ನನ್ನ ಕಡೆ ನೋಡಿದಳು, ಎಲ್ಲಕ್ಕಿಂತ ಮೇಲಿನ ಬರೇ ಕಥೆ ಎಂಬ ಸಾಲಿಗೆ ಹೋಗಿ ಗುಂಡಿ ಒತ್ತಿಬಿಟ್ಟಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ ಅವಳದು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಆವತ್ತು ನಗಾರಿ ಬಡಿದಾಗ ಭಾವ ಬಲಗೈಯನ್ನು ತೊಡೆಯ ಕೆಳಗಿಂದ ಹೊರಗೆ ತೆಗೆದರು. ಕಂಟ್ರೋಲರ್ ಕೈಯಲ್ಲಿ ಗಡಗಡ ಅಲ್ಲಾಡುತ್ತಿತ್ತು. ಒತ್ತಬೇಕಾದ ಗುಂಡಿ ಬಿಟ್ಟು ಪಕ್ಕದ್ದು ಒತ್ತುತ್ತಿದ್ದರು. ಆದರೂ ಶತ್ರುಗಳು ಬಿದ್ದರು. ಭಾವ ತಮ್ಮ ಕೈಯನ್ನೇ ಒಂದು ಸಲ ತಿರುಗಿಸಿ ನೋಡಿಕೊಂಡು, "ಪರವಾಗಿಲ್ಲ," ಎಂದರು. ಅಕ್ಕ ಎದ್ದು ಟೀ ಇಡುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಆಮೇಲಿನದು ಅವಳ ಲೆಕ್ಕದಲ್ಲಿ ಇರಲಿಲ್ಲ. ಭಾವ ದಿನವೂ ಗೆದ್ದರು. ಕುರ್ಚಿಯಿಂದ ಎದ್ದರು, ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತೇನೆ ಎಂದರು, ಮಾತ್ರೆ ಹಿಡಿಸಿದೆ ಎಂದು ಕಂಡವರಿಗೆಲ್ಲ ಹೇಳಿದರು. ಒಂದು ಬೆಳಿಗ್ಗೆ ಷಟರು ಎತ್ತುವ ಸದ್ದು ಕೇಳಿ ಅಕ್ಕ ಕೆಳಗೆ ಓಡಿದರೆ, ಭಾವ ಬಾಯಲ್ಲಿ ಮೊಳೆ ತುಂಬಿಕೊಂಡು ನಿಂತಿದ್ದರು. ಎದುರುಗಡೆಯ ಕ್ಷೌರದಂಗಡಿಯವರು ತಮ್ಮ ದೊಡ್ಡ ಕುರ್ಚಿಯ ಸೀಟು ಹರಿದಿದೆ ಎಂದು ತಿಂಗಳುಗಳಿಂದ ಕಾಯುತ್ತಿದ್ದರಂತೆ, ಆ ಕೆಲಸ ಹಿಡಿದರು.

ಅಕ್ಕ ಬೇಡವೆನ್ನಲಾರಳು. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತದೆ. ಕಂದು ಬಣ್ಣದ ರೆಕ್ಸಿನ್ ಕತ್ತರಿಸಿ, ಎಳೆದು, ಮೊಳೆ ಹೊಡೆದು ಮುಗಿಸುವುದಕ್ಕೆ ವಾರ ಹಿಡಿಯಿತು. ಮೊದಲಾದರೆ ಅರ್ಧ ದಿನದ ಕೆಲಸ. ನಾನು ಹೋದ ದಿನ ಕುರ್ಚಿ ಕ್ಷೌರದಂಗಡಿ ಸೇರಿತ್ತು. ಭಾವ ಬಾ ನೋಡು ಎಂದು ಕರೆದುಕೊಂಡು ಹೋದರು, ಅಕ್ಕನೂ ಬಂದಳು. ಸೀಟು ಒಂದು ಕಡೆ ಉಬ್ಬಿ ಒಂದು ಕಡೆ ಕುಗ್ಗಿತ್ತು. ಮೊಳೆಯ ಸಾಲು ಕುಡಿದವನ ನಡಿಗೆಯ ಹಾಗೆ ಹೋಗಿತ್ತು, ಮೊಳೆ ತಪ್ಪಿದ ಕಡೆ ಸುತ್ತಿಗೆಯ ಗುರುತು ರೆಕ್ಸಿನ್ ಮೇಲೆ ಕೂತಿತ್ತು. ಕ್ಷೌರದವರು ಮರ್ಯಾದಸ್ಥರು, ಬಹಳ ಗಟ್ಟಿಯಾಗಿದೆ ಎಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ, ಆ ಅಂಗಡಿಯಲ್ಲಾದರೋ ಮೂರು ಗೋಡೆಗೂ ಕನ್ನಡಿ. ಎತ್ತ ತಿರುಗಿದರೂ ಅದೇ ಕುರ್ಚಿ. ಭಾವ ಸೀಟಿನ ಅಂಚಿನ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ನಿಂತರು. ಬಿಚ್ಚಿ ಇನ್ನೊಮ್ಮೆ ಮಾಡಿಸಿಕೊಡುತ್ತೇನೆ ಎಂದಷ್ಟೇ ಹೇಳಿ ಮನೆಗೆ ಬಂದರು. ಕೈ ಮತ್ತೆ ತೊಡೆಯ ಕೆಳಗೆ ಹೋಯಿತು.

ಆ ಸಂಜೆ ಅವರು ತಾವಾಗಿಯೇ ಆಟ ಹಾಕಿದರು. ಅಕ್ಕ ನಡೆದಳು, ನಗಾರಿ ಬಡಿಯಿತು, ಕಂಟ್ರೋಲರ್ ಎಡಕ್ಕೆ ಹೋಯಿತು. ಅವಳು ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದಳು, ಹಿಂದೆಯೇ ನಾನೂ ಹೋದೆ. ಲೋಟಗಳನ್ನು ಹಿಡಿದು ಬರುವಷ್ಟರಲ್ಲಿ ಭಾವ ಕಂಟ್ರೋಲರನ್ನು ಸೋಫಾದ ಮೇಲೆ ಇಟ್ಟುಬಿಟ್ಟಿದ್ದರು. ಎರಡೂ ಕೈ ಮಡಿಲಲ್ಲಿದ್ದವು. ಟೀವಿಯಲ್ಲಿ ಹುಡುಗಿ ಸುಮ್ಮನೆ ನಿಂತಿದ್ದಳು. ಗುರಾಣಿ ಹಿಡಿದ ನಾಲ್ವರು ಸುತ್ತ ನಿಂತು ಅವಳನ್ನು ಹೊಡೆಯುತ್ತಲೇ ಇದ್ದರು, ಹುಡುಗಿಗೆ ಏನೂ ಆಗುತ್ತಿರಲಿಲ್ಲ. ಜೀವ ಎಷ್ಟು ಉಳಿದಿದೆ ಎಂದು ತೋರಿಸುವ ಹಸಿರು ಪಟ್ಟಿ ಒಂಚೂರು ಇಳಿಯುತ್ತಿತ್ತು, ಮತ್ತೆ ತಾನೇ ತುಂಬಿಕೊಳ್ಳುತ್ತಿತ್ತು. ಭಾವ ಅದನ್ನೇ ನೋಡುತ್ತಾ ಕೂತಿದ್ದರು.

"ಸಾಯೋದಕ್ಕೂ ಬಿಟ್ಟಿಲ್ಲವಲ್ಲ ನೀನು ಅವಳನ್ನ," ಎಂದರು.

ಅಕ್ಕ ಲೋಟ ಹಿಡಿದೇ ನಿಂತಳು. ಭಾವ ಕೂಗಾಡುವ ಜಾತಿಯವರಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು, ಅಕ್ಕನಿಗೂ ಅತ್ತು ಮುಗಿಸಲು ಆಗುತ್ತಿತ್ತು. ಕ್ಷೌರದಂಗಡಿಯಲ್ಲಿ ಮಾನ ಹೋದದ್ದು ನಿನ್ನಿಂದ ಎಂದು ಅವರು ಹೇಳಲಿಲ್ಲ, ಹೇಳದಿದ್ದರೂ ಮೂವರಿಗೂ ಗೊತ್ತಿತ್ತು. ಕಂಟ್ರೋಲರ್ ಎತ್ತಿಕೊಂಡು, ಆಟದ ಮಟ್ಟವನ್ನು ತಾವೇ ಕಷ್ಟಕ್ಕೆ ಏರಿಸಿದರು. ಹುಡುಗಿ ಅರೆಕ್ಷಣದಲ್ಲಿ ಸತ್ತಳು. ಮತ್ತೆ ಎದ್ದಳು, ಮತ್ತೆ ಸತ್ತಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಹುಡುಗಿ ಸತ್ತಷ್ಟು ಸಲ ಯಾರೂ ಎಲ್ಲೂ ಸತ್ತಿರಲಾರರು. ಅಂತೂ ಇಂತೂ ಅಕ್ಕ ದಾರಿ ಹುಡುಕಿ, ಕಾವಲುಗಾರರು ಕಮ್ಮಿ ಇರುವ ಓಣಿಗಳಲ್ಲೇ ನಡೆಸಿ, ಹೇಗೋ ಇಬ್ಬರೂ ಕೊನೆಯ ಪಟ್ಟಣದವರೆಗೆ ಬಂದರು. ಅಲ್ಲಿ ಒಂದು ಹೆಬ್ಬಾಗಿಲು. ಅಮ್ಮ ಆ ಬಾಗಿಲ ಆಚೆ ಇದ್ದಾಳೆಂದು ಈ ಸಲ ಆಟವೇ ಖಚಿತವಾಗಿ ಹೇಳಿತ್ತು. ಬಾಗಿಲ ಮುಂದೆ ಕಬ್ಬಿಣದ ಅಂಗಿ ತೊಟ್ಟ ಒಬ್ಬ ಭಾರೀ ಆಸಾಮಿ. ಅವನನ್ನು ಸುತ್ತಿಬಳಸಿ ಹೋಗುವ ದಾರಿ ಅಕ್ಕನಿಗೂ ಸಿಗಲಿಲ್ಲ.

ಭಾವ ದಿನವೂ ಅವನ ಮುಂದೆ ಕೂತು ಸೋತರು. ಸೋಲುವಾಗ ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಅಕ್ಕ ಪಕ್ಕದಲ್ಲಿ ಕೂತು ಅವರ ಕೈ ನೋಡುತ್ತಿದ್ದಳು, ಟೀವಿ ನೋಡುತ್ತಿರಲಿಲ್ಲ. ಎಡಗೈಯ ಹೆಬ್ಬೆರಳೂ ಈಚೆಗೆ ಅದುರುತ್ತಿದೆ ಎಂದು ಒಂದು ದಿನ ಮೆಟ್ಟಿಲ ಮೇಲೆ ನನಗೆ ಹೇಳಿದಳು. ಇವತ್ತಲ್ಲ ನಾಳೆ ಕಂಟ್ರೋಲರನ್ನು ಕೆಳಗಿಡುತ್ತಾರೆ, ಆಮೇಲೆ ಎತ್ತಿಕೊಳ್ಳುವುದಿಲ್ಲ ಎಂದಳು. ನನ್ನ ಮೋಸ ಇರದಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ ಎಂದೂ ಹೇಳಿದಳು. ನಾನು ಸಮಾಧಾನ ಹೇಳುವುದರಲ್ಲಿ ದಡ್ಡಿ. ಕಾಯಿಲೆ ನಿನ್ನ ಗುಂಡಿ ಕೇಳಿಕೊಂಡು ಬರುವುದಿಲ್ಲ ಎಂದು ಬೈದೆ. ಅದೂ ಸಮಾಧಾನವೇ ಅಲ್ಲವೇ.

ಮುಂದಿನ ವಾರ ಹೋದಾಗ ಭಾವ ಆಗಲೇ ಆಡುತ್ತಿದ್ದರು. ಹುಡುಗಿ ಎರಡು ಸಲ ಸತ್ತಳು. ಮೂರನೆಯ ಸಲ ಶುರುಮಾಡದೆ, "ಮಟ್ಟ ಇಳಿಸಬೇಕು," ಎಂದರು.

ಅಕ್ಕನ ಮುಖ ಬಿಳುಚಿಕೊಂಡಿತು. ಮೆಟ್ಟಿಲ ಮೇಲೆ ನನಗೆ ಹೇಳಿದ್ದ ದಿನ ಬಂತೆಂದು ಅವಳಿಗೆ ಅನಿಸಿರಬೇಕು, ನನಗಂತೂ ಅನಿಸಿತು. ಬೇಡಾರೀ, ಇನ್ನೊಂದು ಸಲ ನೋಡೋಣ ಎಂದಳು. ಅಂದು ಒಂದೇ ಕ್ಷಣದಲ್ಲಿ ಒತ್ತಿದ ಗುಂಡಿಯನ್ನು ಈಗ ಒತ್ತಲಾರದೆ ಸೆರಗಿನ ತುದಿ ಹಿಂಡುತ್ತಾ ಕೂತಳು. ಭಾವ ಕಾಯಲಿಲ್ಲ. ತಾವೇ ಆ ನಾಲ್ಕು ಸಾಲಿನ ಪರದೆ ತೆಗೆದು ಹೆಬ್ಬೆರಳು ಆಡಿಸಿದರು. ಬೆರಳು ನಿಲ್ಲಲಿಲ್ಲ, ಗುರುತು ಜಾರಿ ಅತಿಕಷ್ಟಕ್ಕೆ ಹೋಗಿ ನಿಂತಿತು. ಮತ್ತೆ ಮೇಲೆ, ಮತ್ತೆ ಕೆಳಗೆ. ನನಗೆ ಕೈ ಹಾಕಿ ಸರಿಮಾಡುವಷ್ಟು ಅವಸರವಾಯಿತು. ಅಕ್ಕ ನನ್ನ ಮೊಣಕಾಲು ಒತ್ತಿ ಹಿಡಿದಳು. ಅವರು ಸಹಾಯ ಕೇಳಿರಲಿಲ್ಲ, ಆ ತಪ್ಪು ಅವಳು ಒಂದು ಸಲ ಮಾಡಿ ಮುಗಿಸಿದ್ದಳು. ಎಷ್ಟೋ ಹೊತ್ತಿನ ಮೇಲೆ ಗುರುತು ಬರೇ ಕಥೆ ಎಂಬ ಸಾಲಿನ ಮೇಲೆ ಕೂತಿತು, ಭಾವ ಒತ್ತಿದರು.

ಕಬ್ಬಿಣದ ಆಸಾಮಿ ಮತ್ತೆ ಬಂದ, ನಗಾರಿ ಜೋರಾಗಿ ಬಡಿಯುತ್ತಿತ್ತು. ಭಾವ ಒಂದೇ ಒಂದು ಏಟು ಹೊಡೆದರು. ಆಮೇಲೆ ಕಂಟ್ರೋಲರನ್ನು ಬಲಕ್ಕೆ ಚಾಚಿದರು.

ಅಕ್ಕ ತೆಗೆದುಕೊಳ್ಳಲಿಲ್ಲ. ನಗಾರಿ ಬಡಿಯುತ್ತಿರುವಾಗ ಅದು ಬಲಕ್ಕೆ ಬಂದದ್ದು ಆ ಮನೆಯಲ್ಲಿ ಅದೇ ಮೊದಲು. ಇನ್ನೂ ಮುಗಿದಿಲ್ಲ, ಹೊಡೀರಿ ಎಂದಳು. ಭಾವ ಅವಳ ಮಡಿಲಲ್ಲಿ ಅದನ್ನಿಟ್ಟು, ಅವಳ ಹೆಬ್ಬೆರಳನ್ನು ಹಿಡಿದು ಗುಂಡಿಯ ಮೇಲೆ ಕೂರಿಸಿದರು. ಅವರ ಕೈಯ ಜೊತೆ ಅವಳ ಕೈಯೂ ನಡುಗಿತು.

"ಮುಂದಿನ ಭಾಗಕ್ಕೆ ನನ್ನ ಕೈ ಇರಲ್ಲ. ನಡೆಯೋದೂ ಹೊಡೆಯೋದೂ ಎರಡೂ ನೀನೇ ಮಾಡ್ಬೇಕು. ನಾನು ಪಕ್ಕದಲ್ಲಿ ಕೂತು ಹೇಳ್ತೀನಿ," ಎಂದರು. ಅಷ್ಟುದ್ದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. "ಈಗ ಅವಳು ಸಾಯಲ್ಲ. ನಿಧಾನಕ್ಕೆ ಕಲಿ."

ನಂಗೆ ಯಾರನ್ನೂ ಹೊಡೆಯೋಕೆ ಬರಲ್ಲ ಎಂದು ಅಕ್ಕ ಅಳುತ್ತಲೇ ಹೇಳಿದಳು. ಬರುತ್ತೆ ಎಂದರು ಭಾವ. ಆಸಾಮಿ ಹುಡುಗಿಯ ಮೇಲೆ ಕೊಡಲಿ ಬೀಸುತ್ತಲೇ ಇದ್ದ, ಹಸಿರು ಪಟ್ಟಿ ಇಳಿಯುತ್ತಿತ್ತು, ತುಂಬಿಕೊಳ್ಳುತ್ತಿತ್ತು. ಅಕ್ಕ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದಳು. ಏಟು ಗಾಳಿಗೆ ಹೋಯಿತು.

"ಕಣ್ಣು ಬಿಟ್ಕೊಂಡು ಹೊಡಿ," ಎಂದರು ಭಾವ.

ಅಕ್ಕ ಕಣ್ಣು ಬಿಟ್ಟಳು.